ಕಣ್ಣಿರುವಾಗ ಬರೆದದ್ದು

2008 ನವೆಂಬರ್ 17, ಸೋಮವಾರ

ಶನಿವಾರ ಸೊಲ್ಲಾಪುರಕ್ಕೆ ಹೋಗಿ ಬಂದೆ. ಮನೆಯಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ ಎಂದು ಹೇಳಿದ್ದೆ. ಹದಿನಾರು ವರ್ಷದ ಸಂಸಾರದಲ್ಲಿ ಇವರಿಗೆ ಹೇಳಿದ ಮೊದಲ ದೊಡ್ಡ ಸುಳ್ಳು. ಇವರು ಇಂಡಿ ಬಸ್‌ಸ್ಟ್ಯಾಂಡಿನ ತನಕ ಬಂದು, ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟು, ತಹಶೀಲ ಕಚೇರಿಗೆ ಹೊತ್ತಾಯಿತೆಂದು ಹೋದರು.

ಕಣ್ಣಿನ ದವಾಖಾನೆಯಲ್ಲಿ ಒಂದು ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಮುಖವಿಡಲು ಹೇಳಿದರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಮೊದಲು ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ನಿಂತಿತೇನೋ ಎಂದು ಕೇಳಿದೆ. 'ನಡದೈತ್ರಿ' ಎಂದಳು ಅಲ್ಲಿ ಕೂತಿದ್ದ ನರ್ಸ್. ಅಷ್ಟೂ ಹೊತ್ತು ಚುಕ್ಕಿಗಳು ಬರುತ್ತಲೇ ಇದ್ದವು.

ಡಾಕ್ಟರು ಕಾಗದ ನೋಡಿ, 'ನಿಮ್ಮದು ಒಳಗಿಂದೊಳಗ ಲಗ್ನ ಏನ್ರಿ?' ಎಂದು ಕೇಳಿದರು.

'ಹೌದ್ರಿ. ಸೋದರತ್ತಿ ಮಗ. ನಮ್ಮವ್ವ ಅಪ್ಪಂದೂ ಹಂಗಽ.'

ಕಣ್ಣಿನ ಹಿಂದಿನ ಪರದೆ ಒಣಗುತ್ತ ಬರುವ ರೋಗವಂತೆ. ಮೊದಲು ಇರುಳಿನ ನೋಟ ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು, ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಉಳಿಯುತ್ತದೆ. ಕೊನೆಗೆ ಅದೂ. ಔಷಧ ಇಲ್ಲ. ಎಷ್ಟು ವರ್ಷ ಎಂದು ಕೇಳಿದೆ. 'ಐದು ಅನ್ರಿ, ಹದಿನೈದು ಅನ್ರಿ. ಹೇಳಾಕ ಬರೂದಿಲ್ಲ. ಕಂಪ್ಯೂಟರ್ ಕಲೀರಿ, ಅದ್ರಾಗ ಅಕ್ಷರ ಬೇಕಾದಷ್ಟು ದೊಡ್ಡವು ಮಾಡ್ಕೋಬಹುದು' ಎಂದರು. ಎದ್ದು ನಿಂತ ಮೇಲೆ, 'ಮಕ್ಕಳು?' ಎಂದರು.

'ಒಬ್ಬಾಕಿ ಮಗಳು. ಹದಿಮೂರು.'

'ಕರಕೊಂಡ ಬರ್ರಿ. ಅಕಿಗೂ ಬರೂ ಸಾಧ್ಯತೆ ಅರ್ಧಕ್ಕ ಅರ್ಧ ಇರ್ತೈತಿ. ನೋಡೇಬಿಡೂಣು.'

ಆಗಲ್ರಿ ಎಂದೆ. ಕರೆದುಕೊಂಡು ಹೋಗುವುದಿಲ್ಲ. ನೋಡದಿದ್ದರೆ ರೋಗವೂ ಇಲ್ಲ.

ಈ ದಿನಚರಿಯ ವಹಿಯನ್ನು ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ, ಮೈಲುತುತ್ತದ ಬಾಟಲಿಗಳ ಹಿಂದೆ ಇಡುತ್ತೇನೆ. ಕೀಲಿ ನನ್ನ ಹತ್ತಿರವೇ ಇರುತ್ತದೆ.

ನವೆಂಬರ್ 29, ಶನಿವಾರ

ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತೇನೆ. ಎಲ್ಲ ಕೋಣೆಗಳ ದೀಪ ಹಚ್ಚುತ್ತೇನೆ. ಅತ್ತೆ, ಅಂದರೆ ಬಾಳಮ್ಮ, ನನ್ನ ಅಪ್ಪನ ಸ್ವಂತ ತಂಗಿ, 'ಮನಿ ಏನ್ ಲಗ್ನದ ಮನಿ ಆಗೈತೇನ, ಇಷ್ಟ ಲೈಟ್ ಯಾಕ?' ಎಂದು ಬೈಯುತ್ತಾಳೆ. ಕೊಡ ಎಲ್ಲಿ, ಒರಳು ಎಲ್ಲಿ, ಹೊಸ್ತಿಲಿಗೆ ಎಷ್ಟು ಹೆಜ್ಜೆ, ಎಲ್ಲ ಲೆಕ್ಕ ಇಟ್ಟಿದ್ದೇನೆ. ಯಾರಾದರೂ ಒಂದು ಸ್ಟೂಲು ಸರಿಸಿದರೆ ನನ್ನ ಲೆಕ್ಕ ತಪ್ಪುತ್ತದೆ.

ನನ್ನ ತವರು ಹಲಸಂಗಿಯ ಶಂಕರೆಪ್ಪ ಕಾಕಾ, ಅಪ್ಪನ ತಮ್ಮ, ದಿನವಿಡೀ ನೆನಪಾಗುತ್ತಾನೆ. ಗ್ರಹಣ ನೋಡಿ ಕಣ್ಣು ಕಳೆದುಕೊಂಡ ಎಂದು ಮನೆಯಲ್ಲಿ ಹೇಳುತ್ತಿದ್ದರು. ಅವನು ಗೋಡೆ ಸವರುತ್ತ ನಡೆಯುವ ದಾರಿಯಲ್ಲಿ ನಾವು ಹುಡುಗರು ತಂಬಿಗೆ ಇಟ್ಟು ಅಡಗಿಕೊಳ್ಳುತ್ತಿದ್ದೆವು. ಎಡವಿದರೂ ಅವನು ಬೈಯುತ್ತಿರಲಿಲ್ಲ. ನಿಂತು, ಯಾರು ಅಂತ ಕೇಳುತ್ತಿದ್ದ.

ಡಿಸೆಂಬರ್ 14, ರವಿವಾರ

ಬಸ್‌ಸ್ಟ್ಯಾಂಡಿನ ಎದುರಿಗೆ ನಿಜಾಮುದ್ದೀನ ಅವರ ನೆಟ್ ಸೆಂಟರ್ ಇದೆ. ಅವರು ತಾರು ಕಚೇರಿಯಿಂದ ನಿವೃತ್ತರಾದವರು. ಕನ್ನಡ ಟೈಪಿಂಗು ಎರಡು ರವಿವಾರಗಳಲ್ಲಿ ಕಲಿಸಿದರು. ಬರೆದದ್ದನ್ನು ಎಲ್ಲಿ ಇಡಬೇಕು, ನಿಮ್ಮ ಕಂಪ್ಯೂಟರ್ ಕೆಟ್ಟರೆ ಹೋಗುತ್ತದಲ್ಲ ಎಂದು ಕೇಳಿದೆ. ಅದಕ್ಕೆ ಅವರು ಬ್ಲಾಗ್ ಎಂಬುದನ್ನು ತೋರಿಸಿದರು.

'ಇದು ಇಲ್ಲಿ ಇರೂದಿಲ್ಲ ಅಕ್ಕೋರ. ಎಲ್ಲೋ ದೂರ ಇರ್ತೈತಿ. ನಾ ಸತ್ರೂ, ಅಂಗಡಿ ಮುಚ್ಚಿದ್ರೂ ಇರ್ತೈತಿ. ಹೆಸರು ಬ್ಯಾರೇದ ಇಟ್ಕೊಬಹುದು.'

'ನೀವ ಓದಿದ್ರ?'

'ಮೂವತ್ತ ವರ್ಷ ಮಂದಿ ತಾರು ಓದೇನ್ರಿ. ಸತ್ತದ್ದು, ಓಡಿ ಹೋಗಿದ್ದು, ಎಲ್ಲಾ. ಹೊರಗ ಒಂದ ಮಾತ ಹೇಳಿಲ್ಲ.'

'ಇಂಡಿಯ ಒಬ್ಬಾಕಿ' ಎಂದು ಹೆಸರಿಟ್ಟುಕೊಂಡೆ. ಕಂಡದ್ದನ್ನಷ್ಟೇ ಬರೆಯಬೇಕು. ಇವತ್ತು ಬರೆದದ್ದು: ಸಂತೆಯಲ್ಲಿ ನಿಂಬೆಹಣ್ಣಿನ ರಾಶಿ, ಕೆಳಗಿನವು ಹಸಿರು, ಮೇಲಿನವು ಹಳದಿ, ನಡುವಿನವು ಯಾವ ಬಣ್ಣವೂ ಅಲ್ಲದವು. ಹನ್ನೆರಡು ಸಾಲು ಬರೆಯಲು ಒಂದು ತಾಸು ಹಿಡಿಯಿತು.

ಬರೆಯುವಷ್ಟು ಹೊತ್ತು ಅಂಜಿಕೆ ಇರಲಿಲ್ಲ. ಹೊರಗೆ ಬಂದು ರಸ್ತೆ ದಾಟಬೇಕಾದಾಗ ಮತ್ತೆ ಬಂತು.

2009 ಜನವರಿ 5, ಸೋಮವಾರ

ಬ್ಲಾಗನ್ನು ಯಾರೋ ಓದುತ್ತಿದ್ದಾರೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಕಂಡ ಕುಸುಬೆಯ ಹೂವಿನ ಬಗ್ಗೆ ಬರೆದಿದ್ದೆ. ಅದರ ಕೆಳಗೆ ಆರು ಜನ ಬರೆದಿದ್ದಾರೆ. ಒಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಬ್ಲಾಗಿನವರು ಒಬ್ಬರಿಂದೊಬ್ಬರಿಗೆ ಕೇಳುತ್ತ ಹೋಗುವ ಪ್ರಶ್ನೆಯಂತೆ. 'ನೀವು ಬ್ಲಾಗ್ ಯಾಕೆ ಬರೆಯುತ್ತೀರಿ?'

'ಹೊತ್ತು ಹೋಗಲಿ ಅಂತ' ಎಂದು ಉತ್ತರ ಹಾಕಿದೆ.

ಇಲ್ಲಿಯಾದರೂ ನಿಜ ಬರೆಯಬೇಕು. ನಾನು ನೋಡಿದ್ದು ನನಗೆ ಮರೆತುಹೋಗುತ್ತದೆಂಬ ಅಂಜಿಕೆಗೆ ಬರೆಯುತ್ತೇನೆ. ಶಂಕರೆಪ್ಪ ಕಾಕಾ ಮುಪ್ಪಿನಲ್ಲಿ ತನ್ನ ಹೆಂಡತಿ ಕಾಕುನ ಮುಖ ನೆನಪಿಲ್ಲ ಎಂದಿದ್ದ. ನಗುತ್ತ ಹೇಳಿದ್ದ. ಹಾಗಾಗಿ ಕಳೆದ ವಾರ ಬ್ಲಾಗಿನಲ್ಲಿ ಇವರ ಮುಖವನ್ನು ಬರೆದೆ. ಎಡಹುಬ್ಬಿನಲ್ಲಿರುವ ಬಿಳಿ ಗೆರೆ, ಊಟದಲ್ಲಿ ನಿಂಬೆ ಹಿಂಡುವಾಗ ಒಂದು ಕಣ್ಣು ಸಣ್ಣ ಮಾಡುವುದು. ಹೆಸರು ಹಾಕಲಿಲ್ಲ. ಮಗಳು ವಿದ್ಯಾಳ ಮುಖ ಬರೆಯಲು ಕೂತೆ, ಆಗಲಿಲ್ಲ.

ಜನವರಿ 28, ಬುಧವಾರ

ಸಂಜೆ ಕರೆಂಟು ಹೋಗಿತ್ತು. ವಿದ್ಯಾ ಟ್ಯೂಷನ್ನಿನಿಂದ ಬಂದಳು. ಅಂಗಳದ ಮೆಟ್ಟಿಲ ಮೇಲೆ ಮುಗ್ಗರಿಸಿದ್ದು ಕೇಳಿತು. ನಿತ್ಯ ಹತ್ತಿ ಇಳಿಯುವ ಮೆಟ್ಟಿಲು ಅದು. ಬೀಳಲಿಲ್ಲ. ಚೀಲ ಎತ್ತಿಕೊಂಡು ಒಳಗೆ ಬಂದಳು.

ನಾನು ನಡುಮನೆಯಲ್ಲಿ ಕಂದೀಲು ಹಿಡಿದು ನಿಂತಿದ್ದೆ. ಏನು ಬುದ್ಧಿ ಬಂತೋ, 'ಒಳಗಿನ ಖೋಲ್ಯಾಗ ನನ್ನ ಕರೀ ಶಾಲು ಐತಿ, ತಗೊಂಡ ಬಾ' ಎಂದೆ. ಒಳಗೆ ದೀಪವಿರಲಿಲ್ಲ. ಅವಳು ಹೋದಳು. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಗೋಡೆಯ ಮೇಲೆ ಅಂಗೈ ಸವರುವ ಸಪ್ಪಳ. ನಿಲ್ಲುವುದು. ಮತ್ತೆ ಸವರುವುದು.

ಕಾಕಾನ ಸಪ್ಪಳವೇ.

ಜನವರಿ 29, ಗುರುವಾರ

ಕತ್ತಲಲ್ಲಿ ಎಲ್ಲರೂ ಗೋಡೆ ಹಿಡಿದೇ ನಡೆಯುತ್ತಾರೆ.

ಫೆಬ್ರುವರಿ 12, ಗುರುವಾರ

ಬರೆದು ಮುಗಿಸಿಬಿಡುತ್ತೇನೆ.

ಒಂಬತ್ತನೆಯ ತರಗತಿಯ ಪ್ರಯೋಗದ ಅವಧಿ. ಬೀಕರಿನಲ್ಲಿ ನೀರು ಕುದಿಯುತ್ತಿತ್ತು. ಇಕ್ಕಳದಿಂದ ಹಿಡಿದು ಎಡಕ್ಕೆ ಸರಿಸಿದೆ. ಎಡಕ್ಕೆ ಯಾರೂ ಇರಲಿಲ್ಲ. ನನ್ನ ಕಣ್ಣಿಗೆ ಯಾರೂ ಇರಲಿಲ್ಲ. ಶಾಹೀನ ಅಲ್ಲಿ ಟೇಬಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದಳು. ಬೀಕರು ಅವಳ ಕೈಗೆ ಬಡಿದು ನೀರೆಲ್ಲ ಮುಂಗೈ ಮೇಲೆ ಹೋಯಿತು. ಕೂಗಿದ್ದು ಕೇಳಿದ ಮೇಲೆ ನನಗೆ ಅವಳು ಕಂಡಳು.

ನಳದ ಕೆಳಗೆ ಕೈ ಹಿಡಿಸಿದೆವು. ಬೊಬ್ಬೆ ಎದ್ದವು. ದವಾಖಾನೆಗೆ ಕಳಿಸಿದ ಮೇಲೆ ಹೆಡ್‌ಮಾಸ್ತರ್ ಭೀಮಶ್ಯಾ ಸರ್, ಶಾಹೀನಳ ತಂದೆ ಗುಡುಸಾಬ, ನಾನು ಆಫೀಸಿನಲ್ಲಿ ಕೂತೆವು. ಪಟ್ಟಿ ಕಟ್ಟಿಸಿಕೊಂಡು ಬಂದ ಹುಡುಗಿಯನ್ನು ಸರ್ ಹೇಗಾಯಿತೆಂದು ಕೇಳಿದರು. ಅವಳು ನನ್ನ ಕಡೆ ನೋಡಿ, 'ನಾನಽ ಅಡ್ಡ ಕೈ ಚಾಚಿದ್ನಿ ಸರ್. ಅಕ್ಕೋರದ ಏನೂ ತಪ್ಪಿಲ್ಲ' ಎಂದಳು. ಅಪ್ಪ ಎಲ್ಲರ ಮುಂದೆ ಅವಳನ್ನು ಬೈದ. 'ಹುಷಾರಿ ಬ್ಯಾಡೇನ ನಿನಗ?'

ನಾನು ಸುಮ್ಮನೆ ಕೂತಿದ್ದೆ.

ಮಾರ್ಚ್ 1, ರವಿವಾರ

ಹದಿನೈದು ದಿನ ನೆಟ್ ಸೆಂಟರಿಗೆ ಹೋಗಿರಲಿಲ್ಲ. ಕಂಡದ್ದನ್ನು ಬರೆಯುವವಳು ಎಂದು ಹೇಳಿಕೊಳ್ಳುವುದು ಹೇಗೆ? ಶಾಹೀನ ಪಟ್ಟಿ ಕಟ್ಟಿದ ಕೈಯಿಂದಲೇ ನನಗೆ ದಿನಾ ನಮಸ್ಕಾರ ಮಾಡುತ್ತಾಳೆ.

ಇವತ್ತು ಹೋಗಿ ಆ ಹಳೆಯ ಪ್ರಶ್ನೆಗೆ ಇನ್ನೊಮ್ಮೆ ಉತ್ತರ ಬರೆದೆ. ಬ್ಲಾಗ್ ಯಾಕೆ ಬರೆಯುತ್ತೇನೆಂದು. ಕಣ್ಣು, ಸೊಲ್ಲಾಪುರ, ಬೀಕರು, ಹುಡುಗಿ ನನಗಾಗಿ ಹೇಳಿದ ಸುಳ್ಳು, ನಾನು ಸುಮ್ಮನೆ ಕೂತದ್ದು, ಎಲ್ಲ. ಊರಿನ ಹೆಸರನ್ನೂ ತೆಗೆಯಲಿಲ್ಲ. ಒತ್ತುವ ಮೊದಲು ಬಹಳ ಹೊತ್ತು ಬೆರಳು ಎತ್ತಿ ಕೂತಿದ್ದೆ. ಯಾರಾದರೂ ಓದಿ ಶಾಲೆಗೆ ಹೇಳಿದರೆ? ಇವರ ಕಚೇರಿಯಲ್ಲಿ ಯಾರಾದರೂ ಓದಿದರೆ? ನಾಳೆ ವಿದ್ಯಾಳಿಗೆ ವರ ನೋಡುವಾಗ ಈ ಒಂದು ಪುಟ ಯಾರದೋ ಕೈಯಲ್ಲಿದ್ದರೆ?

ಒತ್ತಿದೆ. ನಿಜಾಮುದ್ದೀನ ಅವರು ಏನೂ ಕೇಳದೆ ಚಹಾ ತರಿಸಿದರು. ಎದ್ದು ಹೋಗುವಾಗ ಮಾತ್ರ, 'ರಸ್ತೆ ದಾಟಸ್ಲೇನ್ರಿ ಅಕ್ಕೋರ?' ಎಂದರು. ಬೇಡ ಎನ್ನಲಿಲ್ಲ.

ಮಾರ್ಚ್ 8, ರವಿವಾರ

ಇಪ್ಪತ್ತಮೂರು ಜನ ಬರೆದಿದ್ದಾರೆ. ಧೈರ್ಯವಂತೆ ಎಂದವರೇ ಹೆಚ್ಚು. ಓದಿ ಮೈ ಹಿಡಿಯಾಯಿತು. ಧೈರ್ಯ ಎಲ್ಲಿದೆ? ಆ ಹುಡುಗಿಗೆ ಇನ್ನೂ ಹೇಳಿಲ್ಲ, ಅವರಪ್ಪನಿಗೆ ಹೇಳಿಲ್ಲ. ಮುಖ ಕಾಣದವರಿಗೆ ಹೇಳಿದೆ.

ಒಬ್ಬ ಹೆಣ್ಣುಮಗಳು ಬರೆದದ್ದು ಒಂದೇ ಸಾಲು. ಅವಳ ತಮ್ಮನಿಗೂ ಇದೇ ರೋಗವಂತೆ. 'ಮಗಳು ಇದ್ದಾಳೆ ಅಂದಿರಿ. ಅವಳ ಕಣ್ಣು ತೋರಿಸಿದಿರಾ?'

ಕಂಪ್ಯೂಟರನ್ನು ಹಾಗೇ ಬಿಟ್ಟು ಎದ್ದು ಬಂದೆ.

ಮಾರ್ಚ್ 16, ಸೋಮವಾರ

ಶಾಲೆ ಬಿಟ್ಟ ಮೇಲೆ ಗುಡುಸಾಬನ ಮನೆಗೆ ಹೋದೆ. ಅವನು ಸಂತೆಯಲ್ಲಿ ಬಳೆ ಮಾರುವವನು. ಅಂಗಳದಲ್ಲಿ ಬಳೆಗಳನ್ನು ದಾರಕ್ಕೆ ಪೋಣಿಸುತ್ತ ಕೂತಿದ್ದ. ಎದ್ದು ಚಾಪೆ ಹಾಸಿದ. ನಾನು ಕೂಡಲಿಲ್ಲ, ಕೂತರೆ ಹೇಳಲಿಕ್ಕೆ ಆಗುವುದಿಲ್ಲ ಎನಿಸಿತು. ನಿಂತೇ ಎಲ್ಲ ಹೇಳಿದೆ.

ಅವನು ಬಳೆ ಕೆಳಗಿಟ್ಟ. 'ಕಣ್ಣ ಕಾಣೂದಿಲ್ಲ ಅನ್ನೂದು ನಿಮಗ ಮೊದಲಽ ಗೊತ್ತಿತ್ತಾ?'

'ಗೊತ್ತಿತ್ತು.'

'ಗೊತ್ತಿದ್ದೂ ಹುಡುಗರ ನಡುವ ಉರಿ ಹಚ್ಚಿದ್ರಿ?'

'ಹೌದು.'

'ನಾ ನನ್ನ ಮಗಳಿಗೆ ಬೈದೆ. ನೀವು ಬಾಜೂಕ ಕುಂತಿದ್ರಿ.'

ಒಳಗಿನಿಂದ ಶಾಹೀನ ಬಾಗಿಲಿಗೆ ಬಂದು ನಿಂತಳು. ಮುಂಗೈ ಮೇಲಿನ ಕಲೆ ಇನ್ನೂ ಕೆಂಪಗಿತ್ತು. ಅವಳ ಮುಂದೆಯೇ, 'ತಪ್ಪು ನಂದು, ನೀ ಸುಳ್ಳ ಹೇಳಬಾರದಿತ್ತು, ನಾ ಹೇಳಸಬಾರದಿತ್ತು' ಎಂದೆ. ಅವಳು ಅಳತೊಡಗಿದಳು. ಗುಡುಸಾಬ ಬಳೆಗಳ ದಾರ ಎತ್ತಿ ತುದಿಗೆ ಗಂಟು ಹಾಕಿದ. ಕೊನೆಗೆ, 'ಸಾಲಿಗೆ ನಾ ಹೇಳೂದಿಲ್ಲ. ನೀವಽ ಹೇಳ್ರಿ. ನಾಳೇನಽ ಹೇಳ್ರಿ' ಎಂದ. ಚಹಾ ಕೇಳಲಿಲ್ಲ. ಕೇಳದೇ ಇದ್ದದ್ದು ಸರಿ.

ಹೊತ್ತು ಮುಳುಗಿತ್ತು. ತಿರುವಿನ ತನಕ ಶಾಹೀನಳನ್ನು ನನ್ನ ಜತೆ ಕಳಿಸಿದ.

ಮಾರ್ಚ್ 17, ಮಂಗಳವಾರ

ಭೀಮಶ್ಯಾ ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. 'ವಿಜಯಲಕ್ಷ್ಮಿ ಅವರ, ಇದನ್ನ ನಾ ಬರದ ಇಡಬೇಕಾಗ್ತೈತಿ' ಎಂದರು.

'ಬರೀರಿ ಸರ್.'

'ಮ್ಯಾಲಿಂದ ಏನ್ ಬರ್ತೈತೋ ನನಗ ಗೊತ್ತಿಲ್ಲ. ನೌಕರಿಗೆ ಏನಾರ ಆದ್ರೂ ಆಗಬಹುದು.'

ಪ್ರಯೋಗದ ಅವಧಿಗಳು ಇನ್ನು ಇಸಾಕ ಸರ್ ಅವರಿಗೆ. ಪಾಠ ನನಗೇ ಇರಲಿ ಎಂದರು, ಮೇಲಿನಿಂದ ಕಾಗದ ಬರುವ ತನಕ. ಪ್ರಯೋಗಾಲಯದ ಕೀಲಿ ಕೊಟ್ಟುಬಿಟ್ಟೆ. ಈ ವಹಿಯನ್ನು ಮನೆಗೆ ತಂದಿದ್ದೇನೆ.

ಏಪ್ರಿಲ್ 5, ರವಿವಾರ

ಇವರಿಗೆ ಹೇಳಲು ಇಷ್ಟು ದಿನ ಹಿಡಿಯಿತು. ಬೆಳಿಗ್ಗೆ ಅತ್ತೆ ಜೋಳ ಹಸನು ಮಾಡುತ್ತಿದ್ದಳು, ವಿದ್ಯಾ ಗೆಳತಿಯ ಮನೆಗೆ ಹೋಗಿದ್ದಳು. ಹೇಳಿದೆ. ಇವರು ಕೇಳಿದ ಮೊದಲ ಮಾತು, 'ಇದು ಯಾರಾರಿಗೆ ಗೊತ್ತೈತಿ?'

ಡಾಕ್ಟರು, ನಿಜಾಮುದ್ದೀನ ಅವರು, ಗುಡುಸಾಬ, ಹೆಡ್‌ಮಾಸ್ತರು ಎಂದೆ. ಬ್ಲಾಗಿನ ವಿಷಯವನ್ನೂ ಹೇಳಿದೆ.

'ಹೆಸರು ಊರು ಗೊತ್ತಿಲ್ಲದ ಮಂದಿಗೆ ಹೇಳಿದಿ. ಒಂದಽ ಮನ್ಯಾಗ ಇದ್ದ ನನಗ ಕಡೀಗೆ?'

ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಆಗ ಅತ್ತೆ ಮೊರ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, 'ಶಂಕರೆಪ್ಪ ಗ್ರಹಣ ನೋಡಿದ್ದಿಲ್ಲ' ಎಂದಳು. 'ನಮ್ಮ ಮನೀ ಕಣ್ಣ ಅದು. ನಮ್ಮಜ್ಜಗೂ ಇತ್ತಂತ. ಹೇಳಿದ್ರ ಹೆಣ್ಣುಮಕ್ಕಳಿಗೆ ಲಗ್ನ ಆಗೂದಿಲ್ಲಂತ ನಮ್ಮಪ್ಪ ಗ್ರಹಣದ ಮಾತ ಹುಟ್ಟಿಸಿದ. ನಿನ್ನ ಸೊಸಿ ಮಾಡ್ಕೋಮುಂದ ನಾ ಅಂಜಿದ್ನಿ ವಿಜಿ. ಅಂಜಿ ಸುಮ್ಮ ಕುಂತ್ನಿ.'

ನನಗೆ ಸಿಟ್ಟು ಬರಬೇಕಾಗಿತ್ತು. ಅವಳು ಎಷ್ಟು ವರ್ಷ ಒಬ್ಬಳೇ ಅಂಜಿರಬಹುದು ಎಂದು ಎಣಿಸುತ್ತ ಕೂತೆ.

ಸಂಜೆ ನಾಲ್ಕಕ್ಕೆ ಇವರು ಅಂಗಿ ಹಾಕಿಕೊಂಡು, 'ನಡಿ, ಅದೇನ್ ಬರದೀಯೋ ತೋರ್ಸು' ಎಂದರು. ನೆಟ್ ಸೆಂಟರಿನಲ್ಲಿ ಇವರನ್ನು ಕೂಡಿಸಿ, ಮೊದಲಿನಿಂದ ತೆರೆದುಕೊಟ್ಟೆ. ಬೆಂಚಿನ ಮೇಲೆ ಕೂತು ಇವರ ಬೆನ್ನು ನೋಡುತ್ತಿದ್ದೆ. ನಿಂಬೆಹಣ್ಣು, ಕುಸುಬೆ, ಸಂತೆಯ ಕುರಿ. ಒಂದು ಪುಟದ ಮೇಲೆ ಬಹಳ ಹೊತ್ತು ನಿಂತರು. ಎಡಗೈ ಎತ್ತಿ ಹುಬ್ಬು ಮುಟ್ಟಿಕೊಂಡರು.

ಎಲ್ಲ ಓದಿದ ಮೇಲೆ ನನ್ನ ಜತೆ ಮಾತಾಡದೆ, ನಿಜಾಮುದ್ದೀನ ಅವರಿಗೆ, 'ಇದನ್ನೆಲ್ಲಾ ಕಾಗದದ ಮ್ಯಾಲ ತಗಿಯಾಕ ಬರ್ತೈತೇನ್ರಿ? ಅಕ್ಷರ ದೊಡ್ಡವು ಇರ್ಲಿ' ಎಂದರು.

ಏಪ್ರಿಲ್ 19, ರವಿವಾರ

ಬರೆಯುವಂಥದ್ದೇನಿಲ್ಲ. ಮೇಲಿನಿಂದ ಕಾಗದವೂ ಇನ್ನೂ ಬಂದಿಲ್ಲ. ವಹಿ ಎರಡು ದಿನ ಅಡುಗೆಮನೆಯ ಗೂಡಿನಲ್ಲೇ ಬಿದ್ದಿತ್ತು. ಒಗ್ಗರಣೆ ಎಣ್ಣೆ ಸಿಡಿದಿದೆ.

ಮೇ 23, ಶನಿವಾರ

ಮೂವರೂ ಸೊಲ್ಲಾಪುರಕ್ಕೆ ಹೋಗಿದ್ದೆವು. ವಿದ್ಯಾಳಿಗೆ ಹೋಗುವ ಮೊದಲೇ ಎಲ್ಲ ಹೇಳಿದ್ದೆ. ಹೇಳುವಾಗ ಅವಳು ಉಗುರು ಕಚ್ಚುತ್ತಿದ್ದಳು. 'ನೀ ಎಡವೂದು ನನಗ ಗೊತ್ತಿತ್ತು. ಬೈಸ್ಕೋಬಾರದಂತ ಸುಮ್ಮ ಇದ್ನಿ' ಎಂದಳು.

ಯಂತ್ರದೊಳಗೆ ಅವಳು ಮುಖವಿಟ್ಟಾಗ ನನ್ನನ್ನು ಹೊರಗೆ ಕೂಡಿಸಿದರು. ಗುಂಡಿಯ ಸಪ್ಪಳ ಬಾಗಿಲಾಚೆಗೆ ಕೇಳುತ್ತಿತ್ತು. ಟಿಕ್. ಟಿಕ್. ಸಪ್ಪಳ ನಿಂತಾಗಲೆಲ್ಲ ನಾನು ಉಸಿರು ಹಿಡಿಯುತ್ತಿದ್ದೆ. ಒಮ್ಮೆ ಎಷ್ಟು ಹೊತ್ತು ನಿಂತಿತೆಂದರೆ ಇವರು ನನ್ನ ಕೈ ಮೇಲೆ ಕೈಯಿಟ್ಟರು. ಆಮೇಲೆ ಮತ್ತೆ ಟಿಕ್.

ಡಾಕ್ಟರು ಅವಳನ್ನು ಹೊರಗೆ ಕಳಿಸುತ್ತೇನೆ ಎಂದರು. 'ಇರ್ಲಿ ಬಿಡ್ರಿ, ಅಕಿ ಕಣ್ಣ ಅವು' ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ.

'ಶುರು ಆಗೈತಿ' ಎಂದರು. 'ಭಾಳ ಸ್ವಲ್ಪ. ವರ್ಷಕ್ಕೊಮ್ಮೆ ತೋರಸ್ರಿ. ಓದು ಬಿಡಸಬ್ಯಾಡ್ರಿ.'

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ಕೂತಿದ್ದಳು, ಅತ್ತಿರಲಿಲ್ಲ. ಝಳಕಿ ಕ್ರಾಸ್ ದಾಟಿದ ಮೇಲೆ, 'ಅವ್ವಾ, ನಿನಗ ಅಂಜಿಕಿ ಬರ್ತೈತಿ?' ಎಂದಳು.

'ಬರ್ತೈತಿ. ದಿನಾ ಬರ್ತೈತಿ.'

'ಬಂದ್ರ ಏನ್ ಮಾಡ್ತಿ?'

'ಹೊತ್ತ ಇದ್ರ ಬರಿತೇನಿ. ಇಲ್ಲಂದ್ರ ರೊಟ್ಟಿ ಬಡಿತೇನಿ.'

ಅವಳು ನಕ್ಕಳು, ಆಮೇಲೆ ಅತ್ತಳು, ನನ್ನ ಸೆರಗಿಗೆ ಮೂಗು ಒರೆಸಿ ಮಲಗಿಬಿಟ್ಟಳು. ಇಂಡಿ ಬರುವ ತನಕ ಅವಳ ಮುಖ ನೋಡುತ್ತ ಬಂದೆ. ಬಲಗೆನ್ನೆಯ ಮೇಲೆ ಕಿಟಕಿ ಸರಳಿನ ಗುರುತು ಮೂಡಿತ್ತು.

ಮೇ 24, ರವಿವಾರ

ನಿನ್ನೆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮಧ್ಯಾಹ್ನ ವಿದ್ಯಾಳ ಮುಖ ಬ್ಲಾಗಿನಲ್ಲಿ ಬರೆದು ಬಂದೆ, ಅವಳನ್ನು ಕೇಳಿ. ಸರಳಿನ ಗುರುತನ್ನೂ ಬರೆದೆ.

ಸಂಜೆ ಸೆಕೆಗೆ ಮಾಳಿಗೆ ಹತ್ತಿದೆವು. ವಿದ್ಯಾ ಮುಂದೆ, ಅವಳ ಹೆಗಲು ಹಿಡಿದು ನಾನು. ಅಮಾವಾಸ್ಯೆ, ಕರೆಂಟೂ ಇರಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿ ಅವಳು ಕೇಳಿದಳು, 'ಮೊದಲ ಏನ್ ಹೋತು ಅವ್ವಾ ನಿನಗ?'

'ಮುಗಿಲಾಗಿನ ಚುಕ್ಕಿ.'

'ಯಾವಾಗ?'

'ತಿಳೀಲಿಲ್ಲವಾ. ಒಂದಿನ ನೋಡಿದ್ರ ಇರಲಿಲ್ಲ.'

ಅವಳು ಮೆಲ್ಲಗೆ ಹೇಳತೊಡಗಿದಳು. ಈಗಷ್ಟೇ ಮೂಡುತ್ತಿವೆ. ಗುಡಿ ಕಡೆ ನಾಲ್ಕು. ನೀರಿನ ಟಾಕಿಯ ಮೇಲೆ ಒಂದು, ಅದು ಕೆಂಪಗಿದೆ. 'ಅದರ ಬಾಜೂಕ ಸಣ್ಣವು ಅದಾವ. ನೆಟ್ಟಗ ನೋಡಿದ್ರ ಹೋಗ್ತಾವ, ಆಕಡೆ ನೋಡಿದ್ರ ಬರ್ತಾವ. ಇದು ನನ್ನ ಕಣ್ಣಿಂದನಾ ಅವ್ವಾ?'

'ನನಗ ಗೊತ್ತಿಲ್ಲ. ನಿಮ್ಮಪ್ಪನ ಕರಿ' ಎಂದೆ.

ಇವರು ಮೇಲೆ ಬಂದು ಅವಳ ಆಚೆಗೆ ಮಲಗಿದರು. ಎಲ್ಲಿ ನೋಡಬೇಕೆಂದು ಅವಳು ಇವರ ಕೈ ಹಿಡಿದು ತೋರಿಸಿದಳು. ಬಹಳ ಹೊತ್ತು ನೋಡಿ, 'ನನಗೂ ಹಂಗಽ ಆಗ್ತಾವಲ್ಲ' ಎಂದರು. 'ಖರೇನಽ?' 'ಖರೇನಽ. ನೆಟ್ಟಗ ನೋಡಿದ್ರ ಇಲ್ಲ.' ವಿದ್ಯಾ ಜೋರಾಗಿ ಉಸಿರು ಬಿಟ್ಟಳು.

ಇಬ್ಬರೂ ಎಣಿಸಿದರು. ಜಗಳಾಡಿದರು. ಇವರು ಹತ್ತು ಎಂದರು, ಅವಳು ಹನ್ನೊಂದು ಎಂದಳು. ನಾನು ಕಣ್ಣು ತೆರೆದೇ ಮಲಗಿದ್ದೆ. ಮೇಲೆ ಏನೂ ಇರಲಿಲ್ಲ.

ಹನ್ನೊಂದೇ ಎಂದು ಇಬ್ಬರೂ ಒಪ್ಪಿದ ಮೇಲೆ, 'ಹನ್ನೆರಡನೇದು ಎಲ್ಲೈತಿ?' ಎಂದು ಕೇಳಿದೆ.

ವಿದ್ಯಾ ಎದ್ದು ಕೂತು ಹುಡುಕತೊಡಗಿದಳು.